ಎಲ್ಲೆ ಮೀರಿದ ನಕಲು: ಸುಡೋ ದೋಷದ ಮೂಲಕ ಮೆಮೊರಿ ಸುರಕ್ಷತೆಯ ಪಾಠ

ಪಾಠದ ಹಿನ್ನೆಲೆ

ಗಣಕವಿಜ್ಞಾನದ ಬೋಧನಾಭ್ಯಾಸ ಪಾಠಗಳನ್ನು ವೀಕ್ಷಿಸುವಾಗ ನಾನು ಮತ್ತೆ ಮತ್ತೆ ಗಮನಿಸಿರುವ ಸಂಗತಿಯೊಂದಿದೆ. ಸೈಬರ್ ಸುರಕ್ಷತೆಯ ವಿಷಯ ಬಂದ ಕೂಡಲೇ ಪಾಠವು ಎಚ್ಚರಿಕೆಗಳ ಪಟ್ಟಿಯಾಗಿಬಿಡುತ್ತದೆ. ಪಾಸ್‌ವರ್ಡ್ ಹೇಳಬೇಡಿ, ಅಪರಿಚಿತ ಕೊಂಡಿ ಒತ್ತಬೇಡಿ, ಆಂಟಿವೈರಸ್ ಹಾಕಿಸಿ. ಈ ಮಾತುಗಳಲ್ಲಿ ತಪ್ಪೇನೂ ಇಲ್ಲ. ಆದರೆ ಇದೇ ವಿದ್ಯಾರ್ಥಿ ಹಿಂದಿನ ವಾರ ಅರೇ, ಸ್ಟ್ರಿಂಗ್, ಲೂಪ್ ಕಲಿತಿದ್ದಾನೆ. ಸುರಕ್ಷತೆಯ ದೋಷ ಹುಟ್ಟುವುದು ಅಲ್ಲೇ, ಆ ಲೂಪಿನೊಳಗೇ ಎಂಬುದು ಅವನಿಗೆ ತಿಳಿಯುವುದಿಲ್ಲ. ಎರಡೂ ಪಾಠಗಳು ಬೇರೆ ಬೇರೆ ದ್ವೀಪಗಳಾಗಿ ಉಳಿಯುತ್ತವೆ.

ಈ ಎರಡನ್ನು ಜೋಡಿಸುವ ಪಾಠವೊಂದನ್ನು ಪದವಿಪೂರ್ವ ದ್ವಿತೀಯ ವರ್ಷದ ಗಣಕವಿಜ್ಞಾನ ವಿದ್ಯಾರ್ಥಿಗಳಿಗಾಗಿ ಯೋಜಿಸಿ, ನಮ್ಮ ಪ್ರಶಿಕ್ಷಣಾರ್ಥಿಗಳ ಎದುರು ಮಾದರಿ ಪಾಠವಾಗಿ ಎರಡು ಅವಧಿಗಳಲ್ಲಿ ನಡೆಸಿದೆ. ಕಾಲ್ಪನಿಕ ಉದಾಹರಣೆಯ ಬದಲು ನಿಜವಾಗಿ ನಡೆದ ಪ್ರಕರಣವೊಂದನ್ನು ಆರಿಸಿಕೊಂಡೆ: 2021ರ ಜನವರಿ 26ರಂದು ಬಹಿರಂಗವಾದ ಸುಡೋ ಉಪಕರಣದ ಮೆಮೊರಿ ದೋಷ. ಅದರ ಗುರುತಿನ ಸಂಖ್ಯೆ ಸಿವಿಇ-2021-3156. ಕಂಡುಹಿಡಿದ ಕ್ವಾಲಿಸ್ ಸಂಸ್ಥೆಯ ಸಂಶೋಧಕರು ಅದಕ್ಕೆ ‘ಬ್ಯಾರನ್ ಸಮೆಡಿಟ್’ ಎಂದು ಹೆಸರಿಟ್ಟರು. ಹೈಟಿಯ ವೂಡೂ ಸಂಪ್ರದಾಯದ ಬ್ಯಾರನ್ ಸಮೆಡಿ ಎಂಬ ಹೆಸರಿಗೆ ‘ಸುಡೋಎಡಿಟ್’ ಎಂಬುದನ್ನು ಬೆರೆಸಿ ಮಾಡಿದ ಪದವಿನೋದ ಇದು.

ಈ ಪ್ರಕರಣವನ್ನೇ ಆರಿಸಲು ಮೂರು ಕಾರಣಗಳಿವೆ. ಒಂದು, ಇಡೀ ದೋಷ ಐದಾರು ಸಾಲಿನ ಒಂದು ಲೂಪಿನಲ್ಲಿದೆ; ಕಪ್ಪುಹಲಗೆಯ ಮೇಲೆ ಹಿಡಿಯುತ್ತದೆ. ಎರಡು, ಅದು 2011ರ ಜುಲೈಯಲ್ಲಿ ಸೇರಿಕೊಂಡು ಸುಮಾರು ಒಂಬತ್ತೂವರೆ ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಮೂಲ ಸಂಕೇತ ಎಲ್ಲರಿಗೂ ತೆರೆದಿದ್ದರೂ ಬೀಳಲಿಲ್ಲ ಎಂಬುದು ಚರ್ಚೆಗೆ ಒಳ್ಳೆಯ ವಸ್ತು. ಮೂರು, ಶಾಲಾ ಕಾಲೇಜುಗಳ ಲ್ಯಾಬ್‌ಗಳಲ್ಲಿ ಉಬುಂಟುವಿನಂಥ ವ್ಯವಸ್ಥೆಗಳು ಬಳಕೆಯಲ್ಲಿವೆ; ಆದ್ದರಿಂದ ಪಾಠ ವಿದ್ಯಾರ್ಥಿ ಕುಳಿತಿರುವ ಯಂತ್ರದವರೆಗೂ ಬರುತ್ತದೆ.

ಕಲಿಕೆಯ ಉದ್ದೇಶಗಳು

ಪಾಠದ ಕೊನೆಗೆ ವಿದ್ಯಾರ್ಥಿಯು,
1. ಸ್ಟ್ರಿಂಗ್ ನಕಲು ಮಾಡುವ ಲೂಪ್ ಯಾವ ಸ್ಥಿತಿಯಲ್ಲಿ ತನ್ನ ಎಲ್ಲೆ ಮೀರುತ್ತದೆ ಎಂಬುದನ್ನು ಹಂತಹಂತವಾಗಿ ತೋರಿಸುವನು.
2. ಪಕ್ಕದ ಮೆಮೊರಿ ಕೆಡುವುದಕ್ಕೂ ಭದ್ರತೆ ಮುರಿಯುವುದಕ್ಕೂ ಇರುವ ಸಂಬಂಧವನ್ನು ವಿವರಿಸುವನು.
3. ದೋಷಕ್ಕೆ ಕನಿಷ್ಠ ಎರಡು ತಿದ್ದುಪಡಿಗಳನ್ನು ಸೂಚಿಸಿ, ಪ್ರತಿಯೊಂದೂ ಏನನ್ನು ತಡೆಯುತ್ತದೆ ಎಂದು ಹೇಳುವನು.
4. ತಾನು ಬಳಸುವ ಯಂತ್ರಕ್ಕೆ ತಿದ್ದುಪಡಿ ಬಂದಿದೆಯೇ ಎಂದು ಪರೀಕ್ಷಿಸುವ ಸರಿಯಾದ ವಿಧಾನವನ್ನು ಗುರುತಿಸುವನು.

ಪೂರ್ವಜ್ಞಾನ: ಅರೇ, ಲೂಪ್, ಷರತ್ತು ಹೇಳಿಕೆ. ಸಿ ಭಾಷೆಯಲ್ಲಿ ಸ್ಟ್ರಿಂಗ್ ಎಲ್ಲಿ ಮುಗಿಯಿತೆಂದು ತಿಳಿಸಲು ಕೊನೆಯಲ್ಲಿ ಸೊನ್ನೆ ಬೆಲೆಯ ಒಂದು ಬೈಟ್ ಇರುತ್ತದೆ ಎಂಬ ಅರಿವು.

ಬೋಧನೋಪಕರಣಗಳು: ಎಂಟು ಕುರ್ಚಿಗಳು, ಅಂಗೈ ಅಗಲದ ಚೀಟಿಗಳು, ಸೀಮೆಸುಣ್ಣ, ನಿಯಮ ಬರೆದ ಒಂದು ರಟ್ಟು. ಪ್ರೊಜೆಕ್ಟರ್ ಬೇಕಿಲ್ಲ, ವಿದ್ಯುತ್ ಇಲ್ಲದಿದ್ದರೂ ಪಾಠ ನಡೆಯುತ್ತದೆ.

ಶಿಕ್ಷಕನಿಗೆ ತಿಳಿದಿರಬೇಕಾದ ವಿಷಯ

ಸುಡೋ 1980ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯದ ಬಫಲೋ ಕ್ಯಾಂಪಸ್‌ನಲ್ಲಿ ಬಾಬ್ ಕಾಗ್‌ಶಾಲ್ ಮತ್ತು ಕ್ಲಿಫ್ ಸ್ಪೆನ್ಸರ್ ಬರೆದ ಉಪಕರಣ. 1990ರ ದಶಕದಿಂದ ಟಾಡ್ ಮಿಲ್ಲರ್ ಅದನ್ನು ನಿರ್ವಹಿಸುತ್ತ ಬಂದಿದ್ದಾರೆ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ‘ರೂಟ್’ ಎಂಬ ಬಳಕೆದಾರನಿಗೆ ಎಲ್ಲ ಅಧಿಕಾರವೂ ಇರುತ್ತದೆ. ಆ ಪಾಸ್‌ವರ್ಡನ್ನು ಎಲ್ಲರಿಗೂ ಹಂಚುವ ಬದಲು, ಗೊತ್ತುಪಡಿಸಿದವರು ಗೊತ್ತುಪಡಿಸಿದ ಕೆಲಸವನ್ನಷ್ಟೇ ರೂಟ್ ಅಧಿಕಾರದಲ್ಲಿ ಮಾಡಲಿ ಎಂಬುದು ಸುಡೋದ ಉದ್ದೇಶ. ಇದಕ್ಕಾಗಿ ಅದಕ್ಕೆ ಒಂದು ವಿಶೇಷ ಗುರುತು ಇದೆ: ಅದನ್ನು ಯಾರೇ ಆರಂಭಿಸಲಿ, ಅದು ಓಡುವುದು ರೂಟ್ ಅಧಿಕಾರದಲ್ಲೇ. ಓಡತೊಡಗಿದ ಮೇಲೆ ‘ಇವನಿಗೆ ಅನುಮತಿ ಇದೆಯೇ’ ಎಂದು ಅದು ನೋಡುತ್ತದೆ. ಹೀಗಾಗಿ ಅನುಮತಿ ನೋಡುವ ಮೊದಲೇ ಸುಡೋ ಎಡವಿದರೆ, ಎಡವಿಸಿದವನಿಗೆ ರೂಟ್ ಅಧಿಕಾರವೇ ಸಿಗಬಹುದು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಇಲ್ಲಿ ಅಕ್ಷರಶಃ ಹೊಂದುತ್ತದೆ. ಈ ದೋಷವಿದ್ದ ಯಂತ್ರದಲ್ಲಿ ಖಾತೆ ಇದ್ದ ಯಾರೇ ಆಗಲಿ, ಸುಡೋ ಅನುಮತಿಯ ಪಟ್ಟಿಯಲ್ಲಿ ಹೆಸರೇ ಇಲ್ಲದವರೂ, ಪಾಸ್‌ವರ್ಡ್ ಕೊಡದೆಯೇ ರೂಟ್ ಆಗಬಹುದಿತ್ತು.

ದೋಷದ ಬೇರು ‘\’ ಎಂಬ ಬ್ಯಾಕ್‌ಸ್ಲ್ಯಾಷ್ ಚಿಹ್ನೆಯಲ್ಲಿದೆ. ಶೆಲ್ ಮೂಲಕ ಆದೇಶ ನಡೆಸುವ ಆಯ್ಕೆಯನ್ನು ಬಳಸಿದಾಗ ಸುಡೋ ಒಳಗೆ ಎರಡು ಕೆಲಸಗಳು ಎರಡು ಜಾಗಗಳಲ್ಲಿ ನಡೆಯುತ್ತವೆ. ಮೊದಲ ಜಾಗದಲ್ಲಿ, ಆದೇಶದಲ್ಲಿರುವ ವಿಶೇಷ ಚಿಹ್ನೆಗಳ ಹಿಂದೆ ಒಂದೊಂದು ‘\’ ಸೇರಿಸಲಾಗುತ್ತದೆ. ಎರಡನೆಯ ಜಾಗದಲ್ಲಿ, ಅನುಮತಿಯ ನಿಯಮಗಳೊಂದಿಗೆ ಹೋಲಿಸುವ ಮುನ್ನ ಆ ‘\’ ಚಿಹ್ನೆಗಳನ್ನು ತೆಗೆದು, ಆದೇಶವನ್ನು ಹೊಸದೊಂದು ಮೆಮೊರಿ ತುಂಡಿಗೆ ನಕಲು ಮಾಡಲಾಗುತ್ತದೆ. ತರಗತಿಯಲ್ಲಿ ಇವರನ್ನು ಮೊದಲ ಗುಮಾಸ್ತ, ಎರಡನೇ ಗುಮಾಸ್ತ ಎಂದು ಕರೆದೆ. ಎರಡನೆಯವನ ಕೆಲಸ ಸುರಕ್ಷಿತವಾಗಿರುವುದು ಮೊದಲನೆಯವನು ತನ್ನ ಕೆಲಸ ಮಾಡಿದ್ದರೆ ಮಾತ್ರ.

ಮೊದಲ ಅವಧಿ: ಕುರ್ಚಿಗಳ ಚಟುವಟಿಕೆ

ಒಂದು ಮೇಜಿನ ಮೇಲೆ ಚೀಟಿಗಳನ್ನು ಸಾಲಾಗಿ ಇಟ್ಟೆ. ಇದು ಬಳಕೆದಾರ ಕೊಟ್ಟ ಮಾಹಿತಿ. ಎದುರು ಗೋಡೆಯ ಬಳಿ ಕುರ್ಚಿಗಳ ಸಾಲು. ಇದು ನಕಲು ಬೀಳುವ ಮೆಮೊರಿ. ನಡುವೆ ಎರಡನೇ ಗುಮಾಸ್ತನಾಗಿ ಒಬ್ಬ ವಿದ್ಯಾರ್ಥಿನಿ. ಅವಳ ಕೈಯಲ್ಲಿದ್ದ ರಟ್ಟಿನ ಮೇಲಿನ ನಿಯಮ ಹೀಗಿತ್ತು:

1. ಎದುರಿಗಿರುವ ಚೀಟಿ ‘ಮುಗಿಯಿತು’ ಆಗಿದ್ದರೆ ನಿಲ್ಲು; ಮುಂದಿನ ಕುರ್ಚಿಯಲ್ಲಿ ಒಂದು ‘ಮುಗಿಯಿತು’ ಚೀಟಿ ಇಡು.
2. ಎದುರಿಗಿರುವ ಚೀಟಿ ‘\’ ಆಗಿದ್ದು, ಅದರ ಮುಂದಿನದು ಖಾಲಿ ಜಾಗವಲ್ಲದಿದ್ದರೆ, ‘\’ ಬಿಟ್ಟು ಒಂದು ಹೆಜ್ಜೆ ಮುಂದೆ ಹೋಗು.
3. ಈಗ ಎದುರಿಗಿರುವ ಚೀಟಿಯನ್ನು ನಕಲು ಮಾಡಿ ಮುಂದಿನ ಕುರ್ಚಿಯಲ್ಲಿಡು. ಒಂದು ಹೆಜ್ಜೆ ಮುಂದೆ ಹೋಗಿ 1ನೇ ನಿಯಮಕ್ಕೆ ಮರಳು.

ಕುರ್ಚಿಗಳ ಸಂಖ್ಯೆಗೂ ಒಂದು ನಿಯಮವಿದೆ: ‘ಮುಗಿಯಿತು’ ಚೀಟಿ ಬರುವವರೆಗಿನ ಚೀಟಿಗಳನ್ನು ಎಣಿಸಿ, ಅದಕ್ಕೆ ಒಂದು ಕೂಡಿಸಿ, ಅಷ್ಟು ಕುರ್ಚಿ ಕೊಡಬೇಕು. ನಿಜವಾದ ಸುಡೋದಲ್ಲೂ ಮೆಮೊರಿಯ ಗಾತ್ರವನ್ನು ಇದೇ ಲೆಕ್ಕದಲ್ಲಿ ಕೇಳಲಾಗುತ್ತದೆ.

ಮೊದಲ ಸುತ್ತು. ಮೇಜಿನ ಮೇಲೆ ಕ, ಮ, ಲ, ಮುಗಿಯಿತು. ಎಣಿಕೆ ಮೂರು, ಕುರ್ಚಿ ನಾಲ್ಕು. ನಕಲು ಸರಿಯಾಗಿ ಕೂತಿತು. ತರಗತಿಗೆ ವಿಶೇಷವೇನೂ ಅನ್ನಿಸಲಿಲ್ಲ. ಹಾಗೆ ಅನ್ನಿಸಬೇಕಾದದ್ದೂ ಇಲ್ಲ.

ಎರಡನೆಯ ಸುತ್ತು. ಬಳಕೆದಾರ ‘ಕಮಲ\’ ಎಂದು ಕೊಟ್ಟಿದ್ದಾನೆ. ಮೊದಲ ಗುಮಾಸ್ತನಾಗಿದ್ದ ಹುಡುಗ ‘\’ ಹಿಂದೆ ಇನ್ನೊಂದು ‘\’ ಸೇರಿಸಿದ. ಈಗ ಸಾಲು ಕ, ಮ, ಲ, \, \, ಮುಗಿಯಿತು. ಎಣಿಕೆ ಐದು, ಕುರ್ಚಿ ಆರು. ಎರಡನೇ ಗುಮಾಸ್ತೆ ಮೊದಲ ‘\’ ಬಿಟ್ಟು ಎರಡನೆಯದನ್ನು ನಕಲು ಮಾಡಿದಳು. ನಂತರ ‘ಮುಗಿಯಿತು’ ಬಂತು, ನಿಂತಳು. ಐದು ಕುರ್ಚಿ ತುಂಬಿದವು, ಒಂದು ಉಳಿಯಿತು. ಇದೂ ಸುರಕ್ಷಿತ.

ಮೂರನೆಯ ಸುತ್ತು. ಮೊದಲ ಗುಮಾಸ್ತನನ್ನು ಕೂರಿಸಿದೆ. “ಈ ಹೊತ್ತು ಅವನು ರಜೆ,” ಎಂದೆ. ಸಾಲು ಈಗ ಕ, ಮ, ಲ, \, ಮುಗಿಯಿತು. ಅದರ ಪಕ್ಕದಲ್ಲೇ, ಬೇರೆ ಮಾಹಿತಿಗೆ ಸೇರಿದ ನ, ಗ, ರ, ಮುಗಿಯಿತು. ಎಣಿಕೆ ನಾಲ್ಕು, ಕುರ್ಚಿ ಐದು. ಆರು, ಏಳು, ಎಂಟನೆಯ ಕುರ್ಚಿಗಳು ಪಕ್ಕದ ಮನೆಯವು. ಅಲ್ಲಿ ಮೊದಲೇ ಬೇ, ಡ, ಮುಗಿಯಿತು ಎಂಬ ಚೀಟಿಗಳಿವೆ. ಅಂದರೆ ‘ಒಳಗೆ ಬಿಡಬೇಕೇ?’ ಎಂಬ ಪ್ರಶ್ನೆಗೆ ಪಕ್ಕದ ಮನೆಯ ಉತ್ತರ ‘ಬೇಡ’.

ಗುಮಾಸ್ತೆ ನಡೆದಳು. ಕ ಒಂದನೆಯ ಕುರ್ಚಿಗೆ, ಮ ಎರಡನೆಯದಕ್ಕೆ, ಲ ಮೂರನೆಯದಕ್ಕೆ. ಎದುರಿಗೆ ‘\’, ಮುಂದಿನದು ‘ಮುಗಿಯಿತು’ ಚೀಟಿ. ಅದು ಖಾಲಿ ಜಾಗವಲ್ಲ. ಆದ್ದರಿಂದ ಎರಡನೆಯ ನಿಯಮದಂತೆ ‘\’ ಬಿಟ್ಟು ಮುಂದೆ ಹೋದಳು. ಮೂರನೆಯ ನಿಯಮದಂತೆ ಎದುರಿಗಿದ್ದ ‘ಮುಗಿಯಿತು’ ಚೀಟಿಯನ್ನೇ ನಕಲು ಮಾಡಿ ನಾಲ್ಕನೆಯ ಕುರ್ಚಿಯಲ್ಲಿಟ್ಟು ಮತ್ತೊಂದು ಹೆಜ್ಜೆ ಹೋದಳು. ಈಗ ಎದುರಿಗೆ ‘ನ’. ನಿಲ್ಲುವ ಚೀಟಿ ಹಿಂದೆ ಉಳಿದುಹೋಯಿತು. ಅವಳು ನಿಲ್ಲಲಿಲ್ಲ. ‘ನ’ ಐದಕ್ಕೆ, ‘ಗ’ ಆರಕ್ಕೆ, ‘ರ’ ಏಳಕ್ಕೆ, ‘ಮುಗಿಯಿತು’ ಎಂಟಕ್ಕೆ. ಪಕ್ಕದ ಮನೆಯ ‘ಬೇಡ’ ಹೋಗಿ ‘ಗರ’ ಆಯಿತು.

ಇಲ್ಲಿ ನಾನು ಏನನ್ನೂ ವಿವರಿಸಲಿಲ್ಲ. “ನಿಯಮ ಮುರಿದವರು ಯಾರು?” ಎಂದಷ್ಟೇ ಕೇಳಿದೆ. ಅರ್ಧ ತರಗತಿ ಗುಮಾಸ್ತೆಯತ್ತ ಬೆರಳು ತೋರಿಸಿತು. ಅವಳು ರಟ್ಟನ್ನು ಎತ್ತಿ ಹಿಡಿದು ಮೂರೂ ಸಾಲುಗಳನ್ನು ಗಟ್ಟಿಯಾಗಿ ಓದಿದಳು. ಅವಳು ಒಂದು ನಿಯಮವನ್ನೂ ಮುರಿದಿರಲಿಲ್ಲ. ಈ ಮೌನವೇ ಪಾಠದ ಮುಖ್ಯ ಕ್ಷಣ ಎಂದು ನನ್ನ ಅನಿಸಿಕೆ. ಗಣಕ ಆದೇಶ ಮೀರಿದ್ದರಿಂದ ಆದ ದೋಷವಲ್ಲ ಇದು. ಆದೇಶವನ್ನು ಚಾಚೂ ತಪ್ಪದೆ ಪಾಲಿಸಿದ್ದರಿಂದ ಆದದ್ದು.

ಮುಂದಿನ ಪ್ರಶ್ನೆ: “ನಗರ ಎಂಬ ಪದವನ್ನು ಇಟ್ಟವರು ಯಾರು?” ನಿಜವಾದ ಪ್ರಕರಣದಲ್ಲಿ ಆದೇಶದ ಪದಗಳ ನಂತರ ಮೆಮೊರಿಯಲ್ಲಿ ಇರುವುದು ಪರಿಸರ ಚರಾಂಕಗಳು. ಅವುಗಳ ಬೆಲೆಯನ್ನು ಸುಡೋ ಆರಂಭಿಸುವ ಬಳಕೆದಾರನೇ ನಿರ್ಧರಿಸಬಹುದು. ಇದನ್ನು ಹೇಳಿ, ಮೂರು ಖಾಲಿ ಚೀಟಿಗಳನ್ನು ತರಗತಿಗೆ ಕೊಟ್ಟು, “ಪಕ್ಕದ ಮನೆಯ ಉತ್ತರ ‘ಸರಿ’ ಎಂದಾಗಬೇಕಾದರೆ ಏನು ಬರೆಯುತ್ತೀರಿ?” ಎಂದೆ. ಎರಡು ನಿಮಿಷದಲ್ಲಿ ಹಿಂದಿನ ಬೆಂಚಿನಿಂದ ಉತ್ತರ ಬಂತು: ನ, ಸ, ರಿ. ‘ನ’ ಐದನೆಯ ಕುರ್ಚಿಗೆ ಹೋಗುತ್ತದೆ. ‘ಸ’ ಮತ್ತು ‘ರಿ’ ಆರು ಏಳಕ್ಕೆ. ನಡೆಸಿ ನೋಡಿದೆವು. ‘ಬೇಡ’ ‘ಸರಿ’ ಆಯಿತು.

ಮೆಮೊರಿ ಕೆಡುವುದು ಎಂದರೆ ಏನು, ಅದು ಭದ್ರತೆಯ ಪ್ರಶ್ನೆ ಏಕೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಲಿಲ್ಲ. ಪ್ರೋಗ್ರಾಮ್ ಕುಸಿದು ನಿಂತರೆ ಅದು ಕಿರಿಕಿರಿ. ಬೀಳುವ ಅಕ್ಷರಗಳನ್ನು ಹೊರಗಿನವನು ಆರಿಸಬಲ್ಲನಾದರೆ ಅದು ದಾಳಿ.

ಎರಡನೆಯ ಅವಧಿ: ಕಾರಣ ಮತ್ತು ತಿದ್ದುಪಡಿ

ಎರಡನೆಯ ಅವಧಿ ಒಂದೇ ಪ್ರಶ್ನೆಯಿಂದ ಆರಂಭವಾಯಿತು: ಮೊದಲ ಗುಮಾಸ್ತ ರಜೆ ಹಾಕಿದ್ದು ಹೇಗೆ? ಕಪ್ಪುಹಲಗೆಯ ಮೇಲೆ ಮೂರು ದಾರಿಗಳನ್ನು ಬರೆದೆ.

ಮೊದಲ ದಾರಿ: ಸುಡೋವನ್ನು ಶೆಲ್ ಆಯ್ಕೆಯೊಂದಿಗೆ ಕರೆಯುವುದು. ಇಲ್ಲಿ ಇಬ್ಬರೂ ಗುಮಾಸ್ತರು ಕೆಲಸ ಮಾಡುತ್ತಾರೆ. ಸುರಕ್ಷಿತ.

ಎರಡನೆಯ ದಾರಿ: ಸುಡೋವನ್ನು ಕಡತ ತಿದ್ದುವ ಆಯ್ಕೆ ಮತ್ತು ಶೆಲ್ ಆಯ್ಕೆ ಎರಡರೊಂದಿಗೂ ಕರೆಯುವುದು. ಈ ಜೋಡಿ ಸಲ್ಲದು ಎಂದು ಪ್ರೋಗ್ರಾಮ್ ಬಾಗಿಲಲ್ಲೇ ತಡೆಯುತ್ತದೆ. ಸುರಕ್ಷಿತ.

ಮೂರನೆಯ ದಾರಿ: ಅದೇ ಪ್ರೋಗ್ರಾಮನ್ನು ‘ಸುಡೋಎಡಿಟ್’ ಎಂಬ ಇನ್ನೊಂದು ಹೆಸರಿನಿಂದ, ಶೆಲ್ ಆಯ್ಕೆಯೊಂದಿಗೆ ಕರೆಯುವುದು. ಹೆಸರು ನೋಡಿ ಪ್ರೋಗ್ರಾಮ್ ತಾನಾಗಿ ಕಡತ ತಿದ್ದುವ ಸ್ಥಿತಿಗೆ ಹೋಗುತ್ತದೆ. ಆದರೆ ಯಾವ ಆಯ್ಕೆಗಳು ಸಲ್ಲುತ್ತವೆ ಎಂಬ ಪಟ್ಟಿಯನ್ನು ಇಲ್ಲಿ ಬದಲಿಸಿರಲಿಲ್ಲ. ಶೆಲ್ ಆಯ್ಕೆ ಹಾಗೇ ಒಳಗೆ ಬಂತು. ಮೊದಲ ಗುಮಾಸ್ತನ ಷರತ್ತು ‘ಆದೇಶ ನಡೆಸುವ ಸ್ಥಿತಿ ಮತ್ತು ಶೆಲ್ ಆಯ್ಕೆ’. ಸ್ಥಿತಿ ಬೇರೆಯಾದ್ದರಿಂದ ಅವನು ಎದ್ದೇಳಲಿಲ್ಲ. ಎರಡನೆಯವನ ಷರತ್ತು ‘ಆದೇಶ ನಡೆಸುವ ಸ್ಥಿತಿ ಅಥವಾ ಕಡತ ತಿದ್ದುವ ಸ್ಥಿತಿ ಅಥವಾ ಅನುಮತಿ ಪರಿಶೀಲನೆಯ ಸ್ಥಿತಿ, ಜೊತೆಗೆ ಶೆಲ್ ಆಯ್ಕೆ’. ಅವನು ಎದ್ದು ಕೆಲಸ ಮಾಡಿದ.

ವಿದ್ಯಾರ್ಥಿಗಳಿಗೆ ‘ಮತ್ತು’, ‘ಅಥವಾ’ ಷರತ್ತುಗಳ ಸತ್ಯ ಕೋಷ್ಟಕ ಗೊತ್ತಿತ್ತು. ಎರಡೂ ಷರತ್ತುಗಳಿಗೆ ಕೋಷ್ಟಕ ಬರೆಯಿಸಿದೆ. ಎರಡು ಉತ್ತರಗಳು ಬೇರೆಯಾಗುವ ಸಾಲನ್ನು ಅವರೇ ಹುಡುಕಿ ಸುತ್ತು ಹಾಕಿದರು. ತರ್ಕ ಕೋಷ್ಟಕ ಬರೀ ಅಂಕಗಳಿಗಾಗಿ ಇರುವ ಅಭ್ಯಾಸವಲ್ಲ ಎಂದು ನಾನು ಬೇರೆ ಹೇಳಬೇಕಾಗಲಿಲ್ಲ.

“ಒಂಬತ್ತೂವರೆ ವರ್ಷ ಯಾರೂ ಯಾಕೆ ನೋಡಲಿಲ್ಲ?” ಎಂದು ಒಬ್ಬ ಹುಡುಗ ಕೇಳಿದ. ಎರಡು ಗುಮಾಸ್ತರ ಕೋಣೆಗಳು ಬೇರೆ ಬೇರೆ ಕಡತಗಳಲ್ಲಿವೆ ಎಂದೆ. ಒಂದೊಂದನ್ನೇ ಓದಿದರೆ ಎರಡೂ ಸರಿಯಾಗಿ ಕಾಣುತ್ತವೆ. ತಪ್ಪಿರುವುದು ಅವುಗಳ ನಡುವಿನ ನಂಬಿಕೆಯಲ್ಲಿ. ‘ಇದು ಈಗಾಗಲೇ ಶುದ್ಧವಾಗಿ ಬಂದಿದೆ’ ಎಂಬ ಭರವಸೆಯನ್ನು ಯಾವ ಸಾಲೂ ಬಾಯಿಬಿಟ್ಟು ಹೇಳುವುದಿಲ್ಲ. ತೆರೆದಿಟ್ಟ ಪುಸ್ತಕವನ್ನು ಎಲ್ಲರೂ ಓದಬಹುದು ಎಂಬುದೂ, ಯಾರೋ ಒಬ್ಬರು ಎರಡು ಪುಟಗಳನ್ನು ಜೊತೆಗಿಟ್ಟು ಓದಿದ್ದಾರೆ ಎಂಬುದೂ ಒಂದೇ ಅಲ್ಲ.

ನಂತರ ತಿದ್ದುಪಡಿಯ ಕೆಲಸವನ್ನು ಗುಂಪುಗಳಿಗೆ ಹಂಚಿದೆ. ಬಂದ ಸಲಹೆಗಳು ಮೂರು. ಒಂದು ಗುಂಪು ಎರಡನೆಯ ನಿಯಮಕ್ಕೆ ‘ಮುಂದಿನದು ಮುಗಿಯಿತು ಚೀಟಿಯೂ ಅಲ್ಲದಿದ್ದರೆ’ ಎಂದು ಸೇರಿಸಿತು. ಕುರ್ಚಿಗಳ ಮೇಲೆ ನಡೆಸಿ ನೋಡಿದೆವು: ‘\’ ನಾಲ್ಕನೆಯ ಕುರ್ಚಿಗೆ, ‘ಮುಗಿಯಿತು’ ಐದನೆಯದಕ್ಕೆ, ಸರಿಯಾಗಿ ಹಿಡಿಸಿತು. ಇನ್ನೊಂದು ಗುಂಪು, ಪ್ರತಿ ನಕಲಿಗೆ ಮುನ್ನ ಕುರ್ಚಿ ಉಳಿದಿದೆಯೇ ಎಂದು ನೋಡಬೇಕು ಎಂದಿತು. ಮೂರನೆಯ ಗುಂಪು, ಸುಡೋಎಡಿಟ್ ಹೆಸರಿಗೆ ಶೆಲ್ ಆಯ್ಕೆಯನ್ನೇ ಕೊಡಬಾರದು ಎಂದಿತು.

2021ರ ಜನವರಿ 26ರಂದೇ ಹೊರಬಂದ ಸುಡೋ 1.9.5ಪಿ2 ಆವೃತ್ತಿಯಲ್ಲಿ ಈ ಮೂರೂ ಬಗೆಯ ತಿದ್ದುಪಡಿಗಳಿವೆ ಎಂದು ತಿಳಿಸಿದಾಗ ತರಗತಿಗೆ ಆದ ಸಂತೋಷ ಬೇರೆ ಬಹುಮಾನ ಬೇಡವೆನ್ನುವಂತಿತ್ತು. ಒಂದೇ ಸಾಲಿನ ತಿದ್ದುಪಡಿ ಸಾಕಾಗಿರುವಾಗ ಮೂರು ಏಕೆ ಎಂಬ ಪ್ರಶ್ನೆಯನ್ನೂ ಚರ್ಚಿಸಿದೆವು. ನಾಳೆ ಇನ್ನೊಬ್ಬರು ಪ್ರೋಗ್ರಾಮ್ ಬದಲಿಸುವಾಗ ಒಂದು ತಡೆ ಅಳಿದರೂ ಇನ್ನೆರಡು ಉಳಿಯುತ್ತವೆ. ಎರಡನೇ ಗುಮಾಸ್ತ ಮೊದಲನೆಯವನನ್ನು ಕುರುಡಾಗಿ ನಂಬದಿರುವುದೇ ಇದರ ಸಾರ.

ವ್ಯವಸ್ಥೆಯ ಮಟ್ಟದ ತಡೆಗಳನ್ನೂ ಚುಟುಕಾಗಿ ಹೇಳಿದೆ. ಮೆಮೊರಿಯ ವಿಳಾಸಗಳನ್ನು ಪ್ರತಿಬಾರಿ ಕಲಸಿ ಇಡುವುದು ಒಂದು. ದತ್ತಾಂಶವಿರುವ ಜಾಗವನ್ನು ಆದೇಶವಾಗಿ ಓಡಿಸದಿರುವುದು ಇನ್ನೊಂದು. ಇವು ದಾಳಿಯನ್ನು ಕಷ್ಟವಾಗಿಸುತ್ತವೆ, ಅಸಾಧ್ಯವಾಗಿಸುವುದಿಲ್ಲ. ಈ ಪ್ರಕರಣದಲ್ಲೇ ಸಂಶೋಧಕರು ತೋರಿಸಿದ ಒಂದು ದಾರಿಯಲ್ಲಿ ವಿಳಾಸ ಊಹಿಸುವ ಅಗತ್ಯವೇ ಇರಲಿಲ್ಲ. ಪಕ್ಕದ ಮೆಮೊರಿಯಲ್ಲಿದ್ದ, ತರಬೇಕಾದ ಲೈಬ್ರರಿಯ ಹೆಸರನ್ನು ಬದಲಿಸಿದರೆ ಸಾಕಾಗಿತ್ತು. ನಮ್ಮ ‘ಬೇಡ’ ‘ಸರಿ’ ಆದಂತೆಯೇ. ಎಲ್ಲೆಯನ್ನು ಭಾಷೆಯೇ ಕಾಯುವ ರಸ್ಟ್‌ನಂಥ ಭಾಷೆಗಳಲ್ಲಿ ಇಂಥ ನಕಲು ಪಕ್ಕದ ಮನೆಗೆ ಹೋಗುವ ಮೊದಲೇ ನಿಲ್ಲುತ್ತದೆ. ಆ ಭಾಷೆಯಲ್ಲಿ ಹೊಸದಾಗಿ ಬರೆದ ಸುಡೋ-ಆರ್‌ಎಸ್ ಎಂಬ ಉಪಕರಣವೂ ಇದೆ.

ಲ್ಯಾಬಿಗೆ ಬಂದಾಗ

ಪಾಠದ ಈ ಭಾಗವನ್ನು ಬಿಟ್ಟರೆ ಉಳಿದದ್ದೆಲ್ಲ ಕಥೆಯಾಗುತ್ತದೆ. ಅನೇಕ ಲ್ಯಾಬ್‌ಗಳಲ್ಲಿ ಒಂದೇ ವಿದ್ಯಾರ್ಥಿ ಖಾತೆಯನ್ನು ನಲವತ್ತು ಮಂದಿ ಬಳಸುತ್ತಾರೆ. ಅದೇ ಯಂತ್ರದಲ್ಲಿ ಆಂತರಿಕ ಮೌಲ್ಯಮಾಪನದ ಅಂಕಗಳ ಕಡತವೂ ಇರುತ್ತದೆ. ಇಂಟರ್‌ನೆಟ್ ಇಲ್ಲದ ಯಂತ್ರ ಸುರಕ್ಷಿತ ಎಂಬ ನಂಬಿಕೆಯಿಂದ ಅದಕ್ಕೆ ವರ್ಷಗಟ್ಟಲೆ ಪರಿಷ್ಕರಣೆ ಆಗಿರುವುದಿಲ್ಲ. ಆದರೆ ಈ ದೋಷಕ್ಕೆ ಇಂಟರ್‌ನೆಟ್ ಬೇಕಿಲ್ಲ. ಯಂತ್ರದ ಮುಂದೆ ಕುಳಿತ ಒಂದು ಸಾಮಾನ್ಯ ಖಾತೆ ಸಾಕು. ಪರಿಷ್ಕರಣೆ ತಲುಪದ ಯಂತ್ರವೇ ಹೆಚ್ಚು ಅಪಾಯದಲ್ಲಿದೆ.

ಪರೀಕ್ಷೆ ಹೇಗೆ? ದೋಷವಿದ್ದ ಆವೃತ್ತಿಗಳು 1.8.2ರಿಂದ 1.8.31ಪಿ2ರವರೆಗೆ ಮತ್ತು 1.9.0ಯಿಂದ 1.9.5ಪಿ1ರವರೆಗೆ. ಆದರೆ ಆವೃತ್ತಿಯ ಸಂಖ್ಯೆಯನ್ನಷ್ಟೇ ನೋಡಿದರೆ ತಪ್ಪು ತೀರ್ಮಾನಕ್ಕೆ ಬರಬಹುದು. ಉಬುಂಟು 20.04ರಲ್ಲಿ ತಿದ್ದುಪಡಿ ಬಂದ ಮೇಲೂ ಮೂಲ ಸಂಖ್ಯೆ 1.8.31 ಎಂದೇ ಉಳಿಯಿತು. ವಿತರಕರು ಹಳೆಯ ಆವೃತ್ತಿಯನ್ನೇ ಇಟ್ಟುಕೊಂಡು ತಿದ್ದುಪಡಿಯನ್ನು ಮಾತ್ರ ಅದಕ್ಕೆ ಸೇರಿಸುತ್ತಾರೆ. ಗುರುತು ಪ್ಯಾಕೇಜಿನ ಸಂಖ್ಯೆಯ ಬಾಲದಲ್ಲಿರುತ್ತದೆ. ವರ್ತನೆಯಿಂದ ತಿಳಿಯುವ ನಿರಪಾಯಕರ ಪರೀಕ್ಷೆಯೊಂದಿದೆ. ಸಾಮಾನ್ಯ ಖಾತೆಯಿಂದ ಸುಡೋಎಡಿಟ್ ಅನ್ನು ಶೆಲ್ ಆಯ್ಕೆ ಮತ್ತು ಒಂದು ಓರೆಗೆರೆಯೊಂದಿಗೆ ಮಾತ್ರ ಕರೆಯಬೇಕು. ಉತ್ತರವು ಬಳಕೆಯ ವಿಧಾನ ತಿಳಿಸುವ ಸಾಲಿನಿಂದ ಆರಂಭವಾದರೆ ಶೆಲ್ ಆಯ್ಕೆಯನ್ನು ಬಾಗಿಲಲ್ಲೇ ನಿರಾಕರಿಸಲಾಗಿದೆ, ಅಂದರೆ ತಿದ್ದುಪಡಿ ಆಗಿದೆ. ಸುಡೋಎಡಿಟ್ ಎಂಬ ಹೆಸರಿನಿಂದ ದೋಷಸಂದೇಶ ಆರಂಭವಾದರೆ ಆಗಿಲ್ಲ. ಈ ಪರೀಕ್ಷೆಯನ್ನು ಶಿಕ್ಷಕರು ಲ್ಯಾಬ್ ಉಸ್ತುವಾರಿಯ ಅನುಮತಿ ಪಡೆದು ಮಾಡಬೇಕು.

“ಸುಡೋಎಡಿಟ್ ಹೆಸರನ್ನೇ ಅಳಿಸಿಬಿಟ್ಟರೆ?” ಎಂದು ಒಬ್ಬ ಪ್ರಶಿಕ್ಷಣಾರ್ಥಿ ಕೇಳಿದರು. ಒಳ್ಳೆಯ ಪ್ರಶ್ನೆ, ಉತ್ತರ ಇಲ್ಲ ಎಂಬುದು. ಪ್ರೋಗ್ರಾಮ್ ನೋಡುವುದು ತನ್ನನ್ನು ಕರೆದ ಹೆಸರನ್ನು. ಆ ಹೆಸರನ್ನು ಕೊಡುವವನು ಕರೆಯುವವನೇ. ತನ್ನ ಕಡತಕೋಶದಲ್ಲೇ ಅದೇ ಹೆಸರಿನ ಕೊಂಡಿಯೊಂದನ್ನು ಅವನು ಮಾಡಿಕೊಳ್ಳಬಹುದು. ಬಾಗಿಲಿನ ಫಲಕ ಕಿತ್ತರೆ ಬಾಗಿಲು ಮುಚ್ಚಿದಂತಾಗುವುದಿಲ್ಲ. ಪರಿಷ್ಕರಣೆ ತಕ್ಷಣ ಸಾಧ್ಯವಾಗದ ಯಂತ್ರದಲ್ಲಿ, ಸುಡೋಗೆ ಇರುವ ರೂಟ್ ಅಧಿಕಾರದ ವಿಶೇಷ ಗುರುತನ್ನು ತೆಗೆದಿಡುವುದು ಒಂದು ತಾತ್ಕಾಲಿಕ ಉಪಾಯ. ಆಗ ಸುಡೋ ಯಾರಿಗೂ ಕೆಲಸ ಮಾಡದು ಎಂಬುದು ಅದರ ಬೆಲೆ. ರೂಟ್ ಆಗಿ ಒಳಬರುವ ಬೇರೆ ದಾರಿ ಇದೆಯೆಂದು ಖಚಿತಪಡಿಸಿಕೊಂಡೇ ಮಾಡಬೇಕು. ಪೂರ್ಣ ಪರಿಹಾರ ಪರಿಷ್ಕರಣೆಯೊಂದೇ. ತಯಾರಕರ ಬೆಂಬಲವೇ ಮುಗಿದಿರುವ ಹಳೆಯ ವ್ಯವಸ್ಥೆಯಾದರೆ ಅದನ್ನು ಬದಲಿಸಬೇಕು. ಅಲ್ಲಿಯವರೆಗೆ ಅಂಕಗಳ ಕಡತವನ್ನು ಆ ಯಂತ್ರದಿಂದ ಹೊರಗಿಡಬೇಕು.

ಕಲಿಸಬಹುದೇ ಎಂಬ ಪ್ರಶ್ನೆ

ಪಾಠದ ನಂತರದ ವಿಮರ್ಶಾ ಅವಧಿಯಲ್ಲಿ ಅತಿ ಹೆಚ್ಚು ಚರ್ಚೆಯಾದದ್ದು ಇದು. ಇಬ್ಬರು ಪ್ರಶಿಕ್ಷಣಾರ್ಥಿಗಳು ಎದುರುಬದುರು ನಿಲುವು ತೆಗೆದುಕೊಂಡರು. ಒಬ್ಬರ ಪ್ರಕಾರ ಹದಿನೇಳರ ಮಕ್ಕಳಿಗೆ ಇದನ್ನು ಹೇಳುವುದು ಕಳ್ಳತನಕ್ಕೆ ದಾರಿ ತೋರಿದಂತೆ. ಇನ್ನೊಬ್ಬರ ಪ್ರಕಾರ ದಾಳಿಯನ್ನು ಯಂತ್ರದ ಮೇಲೆ ಮಾಡಿ ತೋರಿಸಿದರೇ ಪಾಠ ಪರಿಣಾಮಕಾರಿ.

ನನ್ನ ನಿಲುವು ಇವೆರಡರ ಸರಾಸರಿ ಅಲ್ಲ. ಬೀಗ ಹೇಗೆ ಕೆಡುತ್ತದೆ ಎಂಬುದು ಕಲಿಕೆ. ನೆರೆಮನೆಯ ಬೀಗ ತೆರೆಯುವ ಕೀಲಿಕೈ ಹಂಚುವುದು ಕಲಿಕೆಯಲ್ಲ. ಸಿದ್ಧ ದಾಳಿಯ ಪ್ರೋಗ್ರಾಮನ್ನು ಓಡಿಸಿ ತೋರಿಸಿದರೆ ವಿದ್ಯಾರ್ಥಿ ನೋಡುವುದು ಪರದೆಯ ಮೇಲಿನ ಒಂದು ಚಮತ್ಕಾರವನ್ನು. ಕಾರಣ ಅವನ ಕೈಗೆ ಸಿಗುವುದಿಲ್ಲ, ಕೀಲಿಕೈ ಮಾತ್ರ ಸಿಗುತ್ತದೆ. ಕುರ್ಚಿಗಳ ಚಟುವಟಿಕೆಯಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯುತ್ತದೆ: ಕಾರಣ ಪೂರ್ತಿ ಸಿಗುತ್ತದೆ, ಯಾವ ಯಂತ್ರಕ್ಕೂ ಹಾನಿಯಾಗುವುದಿಲ್ಲ.

ಕಾನೂನನ್ನೂ ನೇರವಾಗಿ ಹೇಳಿದೆ. ಮಾಲೀಕರ ಅನುಮತಿಯಿಲ್ಲದೆ ಗಣಕವನ್ನು ಪ್ರವೇಶಿಸುವುದು, ಕೆಡಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೇ ಕಲಮಿನ ವ್ಯಾಪ್ತಿಗೆ ಬರುತ್ತದೆ. ಅದನ್ನೇ ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಮಾಡಿದರೆ 66ನೇ ಕಲಮಿನಂತೆ ಅಪರಾಧ. ಇದರ ಜೊತೆಗೆ ದೋಷ ಕಂಡವರು ಏನು ಮಾಡಬೇಕು ಎಂಬುದಕ್ಕೆ ಇದೇ ಪ್ರಕರಣದ ದಿನಾಂಕಗಳನ್ನು ಹಲಗೆಯ ಮೇಲೆ ಬರೆದೆ. ಜನವರಿ 13ರಂದು ಸಂಶೋಧಕರು ಸುಡೋ ನಿರ್ವಾಹಕರಿಗೆ ತಿಳಿಸಿದರು. 19ರಂದು ಲಿನಕ್ಸ್ ವಿತರಕರಿಗೆ ವಿವರ ಮತ್ತು ತಿದ್ದುಪಡಿ ಹೋಯಿತು. 26ರಂದು ತಿದ್ದುಪಡಿಯೊಂದಿಗೆ ಲೋಕಕ್ಕೆ ತಿಳಿಸಲಾಯಿತು. ಹದಿಮೂರು ದಿನ ಬಾಯಿ ಬಿಗಿಹಿಡಿದದ್ದೂ ಆ ಕೌಶಲದ ಒಂದು ಭಾಗವೇ. ಭಾರತದಲ್ಲಿ ಇಂಥ ವಿಷಯಗಳನ್ನು ನೋಡಿಕೊಳ್ಳುವ ರಾಷ್ಟ್ರೀಯ ಸಂಸ್ಥೆ ಸರ್ಟ್-ಇನ್ ಎಂಬುದನ್ನೂ ಟಿಪ್ಪಣಿಗೆ ಬರೆಯಿಸಿದೆ.

ಮೌಲ್ಯಮಾಪನ

ನಾಲ್ಕು ಪ್ರಶ್ನೆಗಳನ್ನು ಕೊಟ್ಟೆ.
1. ‘ಮರ\’ ಎಂಬ ಮಾಹಿತಿಗೆ ಎಷ್ಟು ಕುರ್ಚಿ ಸಿಗುತ್ತವೆ? ಪಕ್ಕದ ಪದ ‘ಬಸವ’ ಆದರೆ ಎಲ್ಲೆ ಮೀರಿ ಬೀಳುವ ಅಕ್ಷರಗಳು ಯಾವುವು? (ಉತ್ತರ: ನಾಲ್ಕು ಕುರ್ಚಿ. ಮ, ರ, ಮುಗಿಯಿತು, ಬ ಒಳಗೆ; ಸ, ವ ಮತ್ತು ಕೊನೆಯ ಚೀಟಿ ಹೊರಗೆ.)
2. ಮೊದಲ ಗುಮಾಸ್ತ ಕೆಲಸ ಮಾಡಿದ್ದರೆ ಇದೇ ಮಾಹಿತಿಗೆ ಎಷ್ಟು ಕುರ್ಚಿ, ಎಷ್ಟು ಉಳಿಕೆ? (ಉತ್ತರ: ಐದು ಕುರ್ಚಿ, ಒಂದು ಉಳಿಕೆ.)
3. ಇಂಟರ್‌ನೆಟ್ ಇಲ್ಲದ ಯಂತ್ರಕ್ಕೂ ಪರಿಷ್ಕರಣೆ ಏಕೆ ಬೇಕು? ಎರಡು ವಾಕ್ಯ ಬರೆಯಿರಿ.
4. ನಿನ್ನ ಹಿಂದಿನ ಯಾವುದಾದರೂ ಪ್ರೋಗ್ರಾಮ್ ತೆಗೆದುಕೊಂಡು, ಅದರಲ್ಲಿ ‘ಇದು ಸರಿಯಾಗಿಯೇ ಬರುತ್ತದೆ’ ಎಂದು ನಂಬಿರುವ ಒಂದು ಜಾಗವನ್ನು ಗುರುತಿಸಿ, ಅಲ್ಲಿ ಒಂದು ತಡೆ ಸೇರಿಸು.

ನಾಲ್ಕನೆಯದೇ ನಿಜವಾದ ಪರೀಕ್ಷೆ. ಮೊದಲ ಮೂರಕ್ಕೆ ಪಾಠ ನೆನಪಿದ್ದರೆ ಸಾಕು. ನಾಲ್ಕನೆಯದಕ್ಕೆ ಪಾಠವು ಅವನ ಸ್ವಂತ ಕೆಲಸದೊಳಗೆ ಇಳಿದಿರಬೇಕು. ಹತ್ತು ಸಂಖ್ಯೆಗಳ ಅರೇಗೆ ಬಳಕೆದಾರ ಹನ್ನೊಂದನೆಯದನ್ನು ಕೊಟ್ಟರೆ ಏನಾಗುತ್ತದೆ ಎಂದು ಒಬ್ಬ ವಿದ್ಯಾರ್ಥಿನಿ ತನ್ನದೇ ಪ್ರೋಗ್ರಾಮಿನ ಬಗ್ಗೆ ಕೇಳಿಕೊಂಡು, ಒಂದು ಷರತ್ತು ಸೇರಿಸಿ ತಂದಿದ್ದಳು.

ಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

ಚಟುವಟಿಕೆಯಲ್ಲಿ ಒಂದು ಅಕ್ಷರಕ್ಕೆ ಒಂದು ಕುರ್ಚಿ ಎಂಬುದು ಸರಳೀಕರಣ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. ‘ಕಮಲ’ ಒಂಬತ್ತು ಬೈಟ್. ‘ರಿ’ಯಲ್ಲಿ ವ್ಯಂಜನ ಮತ್ತು ಸ್ವರಚಿಹ್ನೆ ಎರಡು ಸಂಕೇತಗಳಿರುವುದರಿಂದ ಆರು ಬೈಟ್. ಅಕ್ಷರ ಎಣಿಸಿ ಬೈಟುಗಳಿಗೆ ಜಾಗ ಕೊಡುವುದು ಎಲ್ಲೆ ಮೀರುವ ದೋಷಕ್ಕೆ ಇನ್ನೊಂದು ಸಾಮಾನ್ಯ ಕಾರಣ. ಕನ್ನಡದಲ್ಲಿ ಪ್ರೋಗ್ರಾಮ್ ಬಳಸುವ ನಮಗೆ ಇದು ದೂರದ ಮಾತಲ್ಲ. ಸಮಯವಿದ್ದರೆ ಮೂರನೆಯ ಅವಧಿಗೆ ಇದನ್ನೇ ವಿಷಯವಾಗಿ ತೆಗೆದುಕೊಳ್ಳಿ.

ಪೈಥಾನ್ ಕಲಿಸುವ ತರಗತಿಯಲ್ಲಿ, ಪಟ್ಟಿಯ ಎಲ್ಲೆ ಮೀರಿ ಬೆಲೆ ಬರೆಯಲು ಹೋದರೆ ಭಾಷೆಯೇ ದೋಷಸಂದೇಶ ಕೊಟ್ಟು ನಿಲ್ಲುತ್ತದೆ ಎಂದು ತೋರಿಸಿ. ಮಕ್ಕಳಿಗೆ ತೊಂದರೆಯಾಗಿ ಕಾಣುವ ಆ ಕೆಂಪು ಸಾಲು ಪಕ್ಕದ ಮನೆಯನ್ನು ಕಾಯುತ್ತಿರುವ ಕಾವಲುಗಾರ ಎಂದು ಅರ್ಥವಾಗಲಿ.

ರಟ್ಟಿನ ಮೇಲಿನ ನಿಯಮವನ್ನು ಪಾಠದ ನಡುವೆ ನೀವಾಗಿ ತಿದ್ದಬೇಡಿ. ಗುಮಾಸ್ತೆ ಐದನೆಯ ಕುರ್ಚಿಯ ಬಳಿ ಅನುಮಾನಿಸಿ ನಿಂತರೆ, “ರಟ್ಟು ಏನು ಹೇಳುತ್ತದೆಯೋ ಅಷ್ಟೇ ಮಾಡು,” ಎನ್ನಿ. ಮನುಷ್ಯನಿಗೆ ಬರುವ ಆ ಅನುಮಾನ ಯಂತ್ರಕ್ಕೆ ಬರುವುದಿಲ್ಲ. ಅನುಮಾನವನ್ನು ಷರತ್ತಾಗಿ ಬರೆದು ಕೊಡುವುದು ಪ್ರೋಗ್ರಾಮ್ ಬರೆಯುವವನ ಕೆಲಸ.